ಮಾವನ ವಿಮಾನಕ್ಕೆ ಯಾವ ಟ್ರಾನ್ಸ್‌ಮಿಟರ್ ಹೊಂದುತ್ತದೆ?

ಗಂಗಾವತಿಯಿಂದ ಪ್ರಶ್ನೆ

ನಾನು ಇಂಜಿನಿಯರಿಂಗ್ ಎರಡನೇ ವರ್ಷದ ವಿದ್ಯಾರ್ಥಿನಿ. ಸೋದರಮಾವ ತಾವು ಹಾರಿಸುತ್ತಿದ್ದ ರೇಡಿಯೊ ನಿಯಂತ್ರಿತ ಫೋಮ್ ವಿಮಾನವನ್ನು ನನಗೆ ಕೊಟ್ಟಿದ್ದಾರೆ. ಮೋಟರ್, ಅದರ ವೇಗ ನಿಯಂತ್ರಿಸುವ ಇಎಸ್‌ಸಿ, ರೆಕ್ಕೆ-ಬಾಲಗಳ ಪಟ್ಟಿಗಳನ್ನು ಆಡಿಸುವ ನಾಲ್ಕು ಸರ್ವೊ ಸುಸ್ಥಿತಿಯಲ್ಲಿವೆ; ಟ್ರಾನ್ಸ್‌ಮಿಟರ್ ಮಾತ್ರ ಕೆಟ್ಟುಹೋಗಿದೆ. ಒಳಗಿನ ರಿಸೀವರಿನ ಮೇಲೆ ‘ಡಿಎಸ್‌ಎಂಎಕ್ಸ್, 2.4 ಗಿಗಾಹರ್ಟ್ಸ್’ ಎಂದಿದೆ. ನನ್ನ ಕೈಗೆಟುಕುವ ಫ್ಲೈಸ್ಕೈ ಎಫ್‌ಎಸ್-ಐ6 ಟ್ರಾನ್ಸ್‌ಮಿಟರ್ ಕೂಡ 2.4 ಗಿಗಾಹರ್ಟ್ಸ್‌ನದೇ. ಅದನ್ನು ಕೊಂಡರೆ ಸಾಕೇ? ಹಾರಿಸಿ ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಬಳ್ಳಾರಿಯಿಂದ

ತಂಗಿ, ಈಗಿರುವ ರಿಸೀವರನ್ನೇ ಬಳಸುವ ಯೋಚನೆಯಿದ್ದರೆ ಐ6 ಕೆಲಸಕ್ಕೆ ಬರುವುದಿಲ್ಲ. 2.4 ಗಿಗಾಹರ್ಟ್ಸ್ ಎಂಬುದು ತರಂಗಪಟ್ಟಿಯ ಹೆಸರು ಮಾತ್ರ. ಆ ಪಟ್ಟಿಯೊಳಗೆ ಒಂದೊಂದು ಕಂಪನಿಯೂ ತನ್ನದೇ ಪ್ರೊಟೊಕಾಲ್, ಅಂದರೆ ಸಂಕೇತಗಳ ಭಾಷೆ, ಬಳಸುತ್ತದೆ. ಡಿಎಸ್‌ಎಂಎಕ್ಸ್ ಸ್ಪೆಕ್ಟ್ರಮ್ ಕಂಪನಿಯದು. ಐ6 ಬಳಸುವುದು ಎಎಫ್‌ಎಚ್‌ಡಿಎಸ್ 2ಎ. ನಮ್ಮ ಬಳ್ಳಾರಿಯ ಪೇಟೆಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಕಿವಿಗೆ ಬೀಳುತ್ತವೆ ಮತ್ತು ಇಲ್ಲಿಯ ಜನ ಮೂರಕ್ಕೂ ಉತ್ತರ ಕೊಡುತ್ತಾರೆ. ಆದರೆ ಸಾಮಾನ್ಯ ರಿಸೀವರಿಗೆ ತನ್ನ ಭಾಷೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ಬರೀ ಗದ್ದಲ. ‘2.4 ಎಂದರೆ ಎಲ್ಲ ಒಂದೇ’ ಎಂಬ ಅಂಗಡಿಯವರ ಮಾತು ನಂಬಿ ನಾನು ಕೊಂಡ ಮೊದಲ ರೇಡಿಯೊ ಎರಡು ವಾರ ಹೆಣಗಿದರೂ ರಿಸೀವರಿನೊಂದಿಗೆ ಬೈಂಡ್ ಆಗಲಿಲ್ಲ, ಅಂದರೆ ಜೋಡಿಯಾಗಲಿಲ್ಲ. ದೋಷ ವಿಮಾನದಲ್ಲಿದೆಯೆಂದು ತಿಳಿದು ಸರ್ವೊಗಳನ್ನೆಲ್ಲ ಬಿಚ್ಚಿದ್ದೆ. ಆದ್ದರಿಂದ ಯಾರೇ ಕೇಳಿದರೂ ನಾನು ಹೇಳುವುದು ಇಷ್ಟೇ: ರಿಸೀವರ್ ಯಾವುದೆಂದು ಮೊದಲು ಗೊತ್ತುಮಾಡಿಕೊಳ್ಳಿ, ಟ್ರಾನ್ಸ್‌ಮಿಟರಿನ ಮಾತು ಆಮೇಲೆ.

ನಿಮಗೆ ಎರಡು ದಾರಿಗಳಿವೆ. ಮೊದಲನೆಯದು, ಐ6 ಅನ್ನು ಐಎ6ಬಿ ರಿಸೀವರಿನ ಸಮೇತ ಕೊಂಡು, ವಿಮಾನದ ಹಳೆಯ ರಿಸೀವರನ್ನು ತೆಗೆದು ಇದನ್ನು ಕೂರಿಸುವುದು. ಸರ್ವೊ ಮತ್ತು ಇಎಸ್‌ಸಿಯ ಮೂರು ತಂತಿಯ ಕನೆಕ್ಟರ್‌ಗೂ ರೇಡಿಯೊ ಕಂಪನಿಗೂ ಸಂಬಂಧವಿಲ್ಲ. ಅವುಗಳಿಗೆ ಬೇಕಾದದ್ದು ಪಿಡಬ್ಲ್ಯುಎಂ ಸಂಕೇತ (ಮಿಡಿತದ ಅಗಲದಿಂದ ಎಷ್ಟು ಚಲಿಸಬೇಕೆಂದು ಹೇಳುವಂಥದ್ದು), ಅದನ್ನು ಎರಡು ರಿಸೀವರುಗಳೂ ಕೊಡುತ್ತವೆ. ಏಲೆರಾನ್ (ಪಕ್ಕಕ್ಕೆ ವಾಲಿಸಲು), ಎಲಿವೇಟರ್ (ಮೂತಿ ಏರಿಸಿ ಇಳಿಸಲು), ಥ್ರಾಟಲ್ (ಮೋಟರಿನ ವೇಗಕ್ಕೆ), ರಡರ್‌ಗೆ (ಮೂತಿ ಎಡಬಲಕ್ಕೆ ತಿರುಗಿಸಲು) ನಾಲ್ಕು ಚಾನೆಲ್ ಹೋದರೂ ಇನ್ನೆರಡು ಉಳಿಯುತ್ತವೆ, ಮತ್ತು ಅದೇ ರೇಡಿಯೊದಲ್ಲಿ 20 ಮಾದರಿಗಳ ಹೊಂದಾಣಿಕೆಯನ್ನು ಉಳಿಸಿಡಬಹುದು.

ಎರಡನೆಯದು, ನಾಲ್ಕು ಚಿಪ್‌ಗಳ ಮಲ್ಟಿಪ್ರೊಟೊಕಾಲ್ ಮಾಡ್ಯೂಲ್ ಇರುವ ರೇಡಿಯೊಮಾಸ್ಟರ್‌ನಂಥ ಟ್ರಾನ್ಸ್‌ಮಿಟರ್. ಅದರಲ್ಲಿ ಸಿವೈಆರ್‌ಎಫ್6936 ಚಿಪ್ ಡಿಎಸ್‌ಎಂಎಕ್ಸ್ ಆಡುತ್ತದೆ, ಎ7105 ಫ್ಲೈಸ್ಕೈಯದನ್ನು ಆಡುತ್ತದೆ, ಸಿಸಿ2500 ಹಳೆಯ ಫ್ರ್‌ಸ್ಕೈ ಮತ್ತು ಫುಟಾಬಾದ ಎಸ್-ಎಫ್‌ಎಚ್‌ಎಸ್‌ಎಸ್ ಎರಡನ್ನೂ ಆಡುತ್ತದೆ. ಮಾವನ ಬಳಿ ಅದೇ ರಿಸೀವರಿನ ಇನ್ನೆರಡು ವಿಮಾನಗಳಿದ್ದರೆ ಹೆಚ್ಚು ಹಣ ಕೊಟ್ಟಾದರೂ ಇದನ್ನೇ ಕೊಳ್ಳಿ. ಆದರೆ ಟಿಎಕ್ಸ್16ಎಸ್‌ನಂಥ ಒಂದೇ ಮಾದರಿಯ ರೇಡಿಯೊ ಮಲ್ಟಿಪ್ರೊಟೊಕಾಲ್‌ನಲ್ಲೂ ಇಎಲ್‌ಆರ್‌ಎಸ್ ಎಂಬ ಇನ್ನೊಂದು ಪ್ರೊಟೊಕಾಲ್‌ನಲ್ಲೂ ಸಿಗುತ್ತದೆ, ಹೊರಗಿನಿಂದ ನೋಡಲು ಎರಡೂ ಒಂದೇ ಥರ; ಆರ್ಡರ್ ಮಾಡುವಾಗ ಯಾವುದೆಂದು ಓದಿ ನೋಡಿ. ಇರುವುದು ಒಂದೇ ವಿಮಾನವಾದರೆ, ನನ್ನ ಮಟ್ಟಿಗೆ ಮೊದಲನೇ ದಾರಿಯೇ ಸರಿ, ಏಕೆಂದರೆ ಕಲಿಯುವ ದಿನಗಳಲ್ಲಿ ವಿಮಾನ ನೆಲಕ್ಕೆ ಬೀಳದೆ ಇರುವುದಿಲ್ಲ ಮತ್ತು ಆಗ ಬದಲಿಸಬೇಕಾದ ರಿಸೀವರ್ ಸುಲಭವಾಗಿ ಸಿಗುವಂಥದ್ದಾಗಿರಬೇಕು.

ಸಿಂಧನೂರಿನಿಂದ

ಬಳ್ಳಾರಿಯ ಸರ್ ಹೇಳಿದ್ದಕ್ಕೆ ಇಎಲ್‌ಆರ್‌ಎಸ್ ಬಗ್ಗೆ ನಾಲ್ಕು ಮಾತು ಸೇರಿಸುತ್ತೇನೆ. ಇದು ಮುಕ್ತ ತಂತ್ರಾಂಶ, ಬೇರೆ ಬೇರೆ ಕಂಪನಿಗಳ ಟ್ರಾನ್ಸ್‌ಮಿಟರ್ ಮತ್ತು ರಿಸೀವರ್ ಪರಸ್ಪರ ಹೊಂದುತ್ತವೆ, ದೂರವೂ ಚೆನ್ನಾಗಿ ಬರುತ್ತದೆ. ನಾನೀಗ ಬಳಸುವುದು ಇದನ್ನೇ. ಆದರೂ ನನಗೆ ಎರಡು ತೊಡಕುಗಳು ಎದುರಾದವು. ಟ್ರಾನ್ಸ್‌ಮಿಟರಿನಲ್ಲಿ 3ನೇ ಆವೃತ್ತಿಯ ಫರ್ಮ್‌ವೇರ್ ಇತ್ತು, ರಿಸೀವರಿನಲ್ಲಿ 2ನೇ ಆವೃತ್ತಿಯದು. ಎರಡನ್ನೂ ಒಂದೇ ಆವೃತ್ತಿಗೆ ತರುವವರೆಗೆ ಬೈಂಡ್ ಆಗಲಿಲ್ಲ. ಆಮೇಲೆ ನೋಡಿದರೆ, ಉಗುರಿನಷ್ಟಿದ್ದ ಆ ರಿಸೀವರಿನಲ್ಲಿ ಸರ್ವೊ ಚುಚ್ಚಲು ಪಿನ್‌ಗಳೇ ಇರಲಿಲ್ಲ, ಏಕೆಂದರೆ ಅದು ಡ್ರೋನಿನ ಹಾರಾಟ ನಿಯಂತ್ರಿಸುವ ಫ್ಲೈಟ್ ಕಂಟ್ರೋಲರಿಗೆ, ಎಲ್ಲ ಚಾನೆಲ್‌ಗಳನ್ನು ಒಂದೇ ತಂತಿಯಲ್ಲಿ ಸಾಗಿಸುವ ಸೀರಿಯಲ್ ಸಂಕೇತ ಕೊಡುವ ಬಗೆಯದು. ನಿಮ್ಮಂಥ ವಿಮಾನಕ್ಕೆ ‘ಪಿಡಬ್ಲ್ಯುಎಂ’ ಎಂದು ಸ್ಪಷ್ಟವಾಗಿ ನಮೂದಿಸಿದ ಇಎಲ್‌ಆರ್‌ಎಸ್ ರಿಸೀವರನ್ನೇ ಕೇಳಿ ಪಡೆಯಬೇಕು.

ಹೆಚ್ಚು ದೂರ ಸಿಗುತ್ತದೆಂದು 915 ಮೆಗಾಹರ್ಟ್ಸ್ ಸೆಟ್ ಕೊಳ್ಳಲು ಕೆಲವರು ಹೇಳಬಹುದು. ನಮ್ಮ ದೇಶದಲ್ಲಿ 890ರಿಂದ 915ರವರೆಗಿನ ಪಟ್ಟಿ ಮೊಬೈಲ್ ಸೇವೆಯದು. ಕಡಿಮೆ ಶಕ್ತಿಯ ಸಾಧನಗಳಿಗೆ ಪರವಾನಗಿಯಿಲ್ಲದೆ ದೊರೆಯುವುದು 865ರಿಂದ 868. ಕಣ್ಣಳತೆಯಲ್ಲಿ ಹಾರಿಸುವ ನಮಗೆ 2.4 ಗಿಗಾಹರ್ಟ್ಸ್ ಧಾರಾಳವಾಗಿ ಸಾಕು. ಬೆಳೆದು ನಿಂತ ಭತ್ತದ ಗದ್ದೆಯ ಆಚೆ ತೀರ ತಗ್ಗಿನಲ್ಲಿ ಹಾರಿಸಬೇಡಿ, ಹಸಿ ಪೈರಿನಲ್ಲಿರುವ ನೀರು ಆ ತರಂಗವನ್ನು ಹೀರುತ್ತದೆ. ಹತ್ತಿ ಬಿಡಿಸಿ ಮುಗಿದ ಎರೆ ಹೊಲ ಸಿಕ್ಕರೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ಕೊಪ್ಪಳದಿಂದ

ಕೊಳ್ಳುವ ಮೊದಲು ಮೋಡ್ ಕೇಳಿಕೊಳ್ಳಿ: ಮೋಡ್ 2ರಲ್ಲಿ ಥ್ರಾಟಲ್ ಎಡಗೈಗೆ, ಮೋಡ್ 1ರಲ್ಲಿ ಬಲಗೈಗೆ. ನಿಮಗೆ ಕಲಿಸುವವರು ಮಾವನೇ ಆದರೆ ಅವರ ಮೋಡನ್ನೇ ಆರಿಸಿ, ಇಲ್ಲದಿದ್ದರೆ ಅಪಾಯದ ಗಳಿಗೆಯಲ್ಲಿ ಅವರು ನಿಮ್ಮ ಕೈಯಿಂದ ರೇಡಿಯೊ ತೆಗೆದುಕೊಂಡು ವಿಮಾನ ಉಳಿಸಲಾಗುವುದಿಲ್ಲ.

ಬೈಂಡ್ ಆಯಿತೆಂದರೆ ಹೊಂದಿಕೆ ಮುಗಿಯಿತೆಂದಲ್ಲ. ಐ6ರ ಮೆನುವಿನಲ್ಲಿ ಫೇಲ್‌ಸೇಫ್‌ಗೆ (ಸಂಪರ್ಕ ಕಡಿದಾಗ ವಿಮಾನ ಏನು ಮಾಡಬೇಕೆಂಬ ಹೊಂದಿಕೆಗೆ) ಹೋಗಿ ಥ್ರಾಟಲನ್ನು ಸೊನ್ನೆಗೆ ಹೊಂದಿಸಿ. ಪ್ರೊಪೆಲ್ಲರ್ ಬಿಚ್ಚಿಟ್ಟು, ಮೋಟರನ್ನು ಅರ್ಧ ವೇಗದಲ್ಲಿ ಓಡಿಸುತ್ತ ಟ್ರಾನ್ಸ್‌ಮಿಟರನ್ನು ಆಫ್ ಮಾಡಿ, ಮೋಟರ್ ನಿಲ್ಲಲೇಬೇಕು. ರಿಸೀವರಿನ ಎರಡು ಆಂಟೆನಾಗಳನ್ನು ಒಂದಕ್ಕೊಂದು 90 ಡಿಗ್ರಿ ಕೋನದಲ್ಲಿ, ಬ್ಯಾಟರಿಯಿಂದ ದೂರದಲ್ಲಿ ಅಂಟಿಸಿ. ಬಳಿಕ ಜೊತೆಯವರೊಬ್ಬರ ಕೈಗೆ ವಿಮಾನ ಕೊಟ್ಟು, ನೀವು ಹೊಲದ ಬದುವಿನ ಮೇಲೆ ದೂರ ಸರಿಯುತ್ತ ನಾಲ್ಕೂ ಸರ್ವೊಗಳನ್ನು ಆಡಿಸಿ, ಅವು ತಡವರಿಸುತ್ತಿವೆಯೇ ಎಂದು ಅವರನ್ನು ಕೂಗಿ ಕೇಳಿ. ಒಂದು ಸಲ ತಡವರಿಸಿದರೂ ಆ ದಿನ ಪ್ರೊಪೆಲ್ಲರ್ ಕಟ್ಟಬೇಡಿ.