ಪ್ರೇತವನ್ನು ಪ್ರೀತಿಸಿದ ಮೇಲೆ ಭಯ ಎಲ್ಲಿ ಉಳಿಯುತ್ತದೆ?

ಮಳೆಗಾಲದ ಓದುಗ, ಮಡಿಕೇರಿ:

ಗೆಳೆಯರೊಬ್ಬರು ತಾವು ಬರೆದ ನೀಳ್ಗತೆಯೊಂದನ್ನು ಓದಲು ಕೊಟ್ಟಿದ್ದಾರೆ; ಇಲ್ಲಿ ಚರ್ಚಿಸಲು ಅವರ ಒಪ್ಪಿಗೆಯಿದೆ. ಸೋಮವಾರಪೇಟೆ ಕಡೆಯ ಹಳೆಯ ಕಾಫಿ ತೋಟಕ್ಕೆ ಹೊಸದಾಗಿ ಬಂದ ರೈಟರ್ (ತೋಟದ ಗುಮಾಸ್ತ) ಒಬ್ಬನಿಗೆ, ಕೂಲಿಯಾಳುಗಳ ಲೆಕ್ಕ ಬರೆಯುವ ಚೆಕ್‌ರೋಲ್ ಪುಸ್ತಕದಲ್ಲಿ ತನ್ನದಲ್ಲದ ಕೈಬರಹ ಕಾಣತೊಡಗುತ್ತದೆ. ಬರೆಯುತ್ತಿರುವವನು 1880ರ ದಶಕದಲ್ಲಿ ಅದೇ ಕೋಣೆಯಲ್ಲಿ ಸತ್ತ ಇನ್ನೊಬ್ಬ ರೈಟರ್. ಮೊದಲರ್ಧ ಓದುವಾಗ, ಕರೆಂಟು ಬೇರೆ ಹೋಗಿದ್ದುದರಿಂದ, ನಾನು ನಿಜಕ್ಕೂ ಹೆದರಿದೆ. ಆದರೆ ಆ ಇಬ್ಬರು ಗಂಡಸರ ನಡುವೆ ಪ್ರೀತಿ ಮೊಳೆತ ಕೂಡಲೇ ಪ್ರೇತದ ಭಯ ಇಳಿದುಹೋಯಿತು. ಹಾಗಿದ್ದರೂ ಕಥೆಯನ್ನು ಅರ್ಧಕ್ಕೆ ಬಿಡಲಾಗಲಿಲ್ಲ. ಇದನ್ನು ದೆವ್ವದ ಕಥೆಯ ಸೋಲೆನ್ನಬೇಕೆ, ಅಥವಾ ನನಗೆ ದೊರೆತ ಸಂತೋಷ ಬೇರೆಯದೇ ಜಾತಿಯದೆ?

ಕೈಮಡದ ದಾರಿ, ವಿರಾಜಪೇಟೆ:

ಸೋಲು ಎನ್ನಲಾರೆ. ಸತ್ತವರು ಮನೆಯಲ್ಲಿರುವುದು ನಮ್ಮ ಕಡೆ ಹೆದರುವ ಸಂಗತಿಯೇ ಅಲ್ಲ ಎಂಬುದನ್ನು ತಾವು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕೊಡವರ ಐನ್‌ಮನೆಯ, ಅಂದರೆ ಕುಲದ ಮೂಲಮನೆಯ, ಹತ್ತಿರವೇ ಹಿರಿಯರ ಗುಡಿಯಾದ ಕೈಮಡ ಇರುತ್ತದೆ, ಹಿರಿಯರಿಗೆ ಮೀದಿ ಎಂಬ ಎಡೆ ಇಡುತ್ತೇವೆ, ಕುಲದ ಮೂಲಪುರುಷನಾದ ಕಾರಣನನ್ನು ಹೆಸರು ಹಿಡಿದು ನೆನೆಯುತ್ತೇವೆ. ಹೀಗೆ ಬೆಳೆದ ಓದುಗನನ್ನು ಬರಿಯ ಹೆಜ್ಜೆ ಸಪ್ಪಳದಿಂದ ಬಹಳ ಹೊತ್ತು ನಡುಗಿಸಲಾಗದು. ತಮ್ಮ ಗೆಳೆಯರ ಕಥೆಯ ಪ್ರೇತ ಹೊರಗಿನಿಂದ ಬಂದು ತೋಟದಲ್ಲಿ ಸತ್ತವನಾದ್ದರಿಂದ ಅವನನ್ನು ನೆನೆಯುವ ಒಕ್ಕ, ಅಂದರೆ ಕುಲ, ಇಲ್ಲ, ಅವನಿಗಾಗಿ ಎಲೆ ಹಾಕುವವರಿಲ್ಲ. ಜೀವಂತ ರೈಟರ್ ಅವನ ಹೆಸರನ್ನು ಕೇಳಿದ ಕ್ಷಣದಿಂದ, ಮತ್ತೆ ಆ ಹೆಸರು ಮರೆತುಹೋದರೆ ಏನು ಗತಿ ಎಂಬ ಇನ್ನೊಂದು ಭಯ ಶುರುವಾಗುತ್ತದೆ. ಮೊದಲರ್ಧದಲ್ಲಿ ಅವನು ಬಂದಾನೆಂದು ಹೆದರಿದ ಓದುಗ, ಉಳಿದರ್ಧದಲ್ಲಿ ಅವನು ಬಾರದೆ ಹೋದಾನೆಂದು ಹೆದರುತ್ತಾನೆ. ನನಗೆ ಎರಡನೆಯದೇ ಹೆಚ್ಚು ತೀವ್ರವಾದದ್ದು.

ಸಂಶಯಿ, ಕುಶಾಲನಗರ:

ನನಗೊಂದು ತಕರಾರಿದೆ. ಇಬ್ಬರು ಗಂಡಸರ ಪ್ರೀತಿಯನ್ನು ಹೇಳಲು ಅವರಲ್ಲೊಬ್ಬ ಸತ್ತಿರಲೇಬೇಕೆ? ಐರ್ಲೆಂಡಿನ ಶೆರಿಡನ್ ಲೆ ಫಾನು 1872ರ ಹೊತ್ತಿಗೇ, ಅಂದರೆ ‘ಡ್ರಾಕುಲಾ’ ಬರುವುದಕ್ಕೆ 25 ವರ್ಷ ಮೊದಲು, ಹುಡುಗಿಯೊಬ್ಬಳನ್ನು ಮೋಹಿಸುವ ರಕ್ತಪಿಪಾಸಿ ಹೆಣ್ಣಿನ ಕಥೆ ‘ಕಾರ್ಮಿಲ್ಲಾ’ವನ್ನು ಬರೆದ, ಕೊನೆಗೆ ಆಕೆಯ ಎದೆಗೆ ಗೂಟ ಹೊಡೆಸಿ ಕಥೆಯನ್ನು ಮುಗಿಸಿದ. ಅಲ್ಲಿ ಪ್ರೀತಿಯೇ ಪಿಶಾಚಿ. ಕನ್ನಡದಲ್ಲಿ 2013ರಲ್ಲಿಯೇ ವಸುಧೇಂದ್ರರ ‘ಮೋಹನಸ್ವಾಮಿ’ ಬಂದು, ಬದುಕಿರುವ ಗಂಡಸಿನ ಆಸೆ, ಅವಮಾನ, ಒಂಟಿತನಗಳನ್ನು ಯಾವ ದೆವ್ವದ ನೆರವೂ ಇಲ್ಲದೆ ಹೇಳಿಯಾಗಿದೆ. ಆ ಮೇಲೂ ಪ್ರೇತದ ಮರೆಗೆ ಹೋಗುವುದು ಹಿಂದಕ್ಕೆ ನಡೆದಂತೆ ಅಲ್ಲವೆ?

ಹಳೆಯ ಕಡತ, ಮಡಿಕೇರಿ:

ಸಂಶಯಿಯವರ ಮಾತು ‘ಕಾರ್ಮಿಲ್ಲಾ’ಕ್ಕೆ ಸರಿ, ಈ ಕಥೆಗೆ ಅಲ್ಲ. ಕಾಲವನ್ನು ಗಮನಿಸಿ. ಮಡಿಕೇರಿಯಲ್ಲಿ ಐರೋಪ್ಯರ ಮೊದಲ ಕಾಫಿ ತೋಟ ಆರಂಭವಾದದ್ದು 1854ರಲ್ಲಿ. 1860ರಲ್ಲಿ ರಚನೆಯಾದ ಭಾರತೀಯ ದಂಡ ಸಂಹಿತೆ, ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ ಅದರೊಳಗಿನ 377ನೆಯ ಕಲಮಿನ ಸಮೇತ, 1862ರಲ್ಲಿ ಜಾರಿಗೆ ಬಂತು. ಅಂದರೆ ಇಂಥ ತೋಟಗಳೂ ಆ ಕಾನೂನೂ ಹೆಚ್ಚುಕಡಿಮೆ ಒಂದೇ ವಾರಗೆಯವು. ಸತ್ತ ರೈಟರ್ ತನ್ನ ಮಾತನ್ನು ಕಾಗದದಲ್ಲಿ ಬರೆಯದೆ, ಕೂಲಿಯ ಲೆಕ್ಕದ ಸಾಲುಗಳ ನಡುವೆ ಅಡಗಿಸಿ ಬರೆಯುವುದಕ್ಕೆ ಕಾರಣವೇ ಅದು. ಸರ್ವೋಚ್ಚ ನ್ಯಾಯಾಲಯ 2018ರ ಸೆಪ್ಟೆಂಬರ್ 6ರಂದು ವಯಸ್ಕರ ಸಮ್ಮತಿಯ ಸಂಬಂಧವನ್ನು ಆ ಕಲಮಿನಿಂದ ಹೊರಗಿಟ್ಟಿತು. ಆದರೆ ಸತ್ತವನಿಗೆ ಅದನ್ನು ಯಾರು ತಿಳಿಸಬೇಕು? ಜೀವಂತನಾದವನು ತೀರ್ಪಿನ ಸುದ್ದಿಯನ್ನು ಅದೇ ಚೆಕ್‌ರೋಲಿನಲ್ಲಿ ಬರೆದಿಟ್ಟು ಉತ್ತರಕ್ಕಾಗಿ ಕಾಯುವ ಭಾಗ ಕಥೆಯಲ್ಲಿ ಇಲ್ಲದಿದ್ದರೆ, ದಯವಿಟ್ಟು ತಮ್ಮ ಗೆಳೆಯರಿಗೆ ಸೂಚಿಸಿ. ಇಲ್ಲಿ ಪ್ರೇತ ಪ್ರೀತಿಗೆ ಮರೆಯಲ್ಲ. ಕಾನೂನು ಹೋದ ಮೇಲೂ ಹೋಗದ ಅಂಜಿಕೆಗೆ ಅದೇ ಸರಿಯಾದ ರೂಪ. ಅಂಥ ಅಂಜಿಕೆ ಬದುಕಿರುವವರಲ್ಲೂ ಇದೆ.

ಮಳೆಗಾಲದ ಓದುಗ:

ಆ ಭಾಗ ಕಥೆಯಲ್ಲಿ ಇಲ್ಲ, ಇವತ್ತೇ ತಿಳಿಸುತ್ತೇನೆ. ಕೈಮಡದ ದಾರಿಯವರು ಹೇಳಿದ ಎರಡನೆಯ ಭಯವೇ ನನ್ನನ್ನು ಕೊನೆಯವರೆಗೆ ಓದಿಸಿತೆಂದು ಈಗ ಅನ್ನಿಸುತ್ತಿದೆ. ಇದನ್ನು ನಾಲ್ಕಾರು ಮಂದಿಗೆ ಗಟ್ಟಿಯಾಗಿ ಓದಿಹೇಳುವ ಯೋಚನೆಯಿದೆ. ಇದು ಪ್ರೇಮಕಥೆಯೆಂದು ಮೊದಲೇ ಹೇಳಿಬಿಡಬೇಕೆ?

ಕೈಮಡದ ದಾರಿ:

ಹೇಳಬೇಡಿ. ದೆವ್ವದ ಕಥೆಯೆಂದು ಕರೆದು ಕೂರಿಸಿ.

ಸಂಶಯಿ:

ಹೇಳಿಯೇ ಓದಿ. ಪ್ರೀತಿಯನ್ನು ಕೇಳುಗರಿಗೆ ಅಚ್ಚರಿಯಾಗಿ ಕೊಟ್ಟರೆ ಅದನ್ನೂ ದೆವ್ವದ ಸಾಲಿಗೆ ಸೇರಿಸಿದಂತಾಗುತ್ತದೆ. ತೀರ್ಪಿನ ಭಾಗ ಸೇರಿದ ಮೇಲೆ ನನಗೂ ಒಂದು ಪ್ರತಿ ಕಳುಹಿಸಿ. ನನ್ನ ತಕರಾರನ್ನು ಇನ್ನೂ ಹಿಂದಕ್ಕೆ ಪಡೆದಿಲ್ಲ.