ಪದಚರ್ಚೆ: 'ಡಿಯೋಟಲೇವಿ' ಅನ್ನೋ ಇಟಲಿ ಮನೆತನದ ಹೆಸರು (ಸ್ವಲ್ಪ ಅರ್ಜೆಂಟು)

ನಮಸ್ಕಾರ. ರಫೇಲನ ಚಿತ್ರಗಳ ಬಗ್ಗೆ ಒಂದು ಪುಸ್ತಕ ಕನ್ನಡಕ್ಕೆ ಮಾಡ್ತಿದೀನಿ, ನಾಳೆ ಪ್ರೆಸ್ಸಿಗೆ ಹೋಗ್ಬೇಕು, ಒಂದು ಹೆಸರಲ್ಲಿ ಸಿಕ್ಕಾಕೊಂಡಿದೀನಿ. ರಿಮಿನಿಯ, ಮಾರ್ಕ್ವಿಸ್ ಅನ್ನೋ ಬಿರುದಿದ್ದ ಒಂದು ಮನೆತನದಿಂದ 1842ರಲ್ಲಿ ಬರ್ಲಿನ್ನಿಗೆ ಹೋದ ಚಿತ್ರ, ಆ ಮನೆತನದ ಹೆಸರೇ ಚಿತ್ರಕ್ಕೂ ಅಂಟಿಕೊಂಡಿದೆ. 'ಡಿಯೋಟಲೇವಿ ಮಡೋನಾ' ಅಂತ ಹಾಕಿದೀನಿ (ಮಡೋನಾ ಅಂದ್ರೆ ಏಸುವಿನ ತಾಯಿ ಮೇರಿ). ಅಡಿಟಿಪ್ಪಣಿಗೆ ಒಂದೇ ಸಾಲು ಜಾಗ ಇರೋದು. 'ಅನಾಥ ಮಕ್ಕಳಿಗೆ ಇಡ್ತಿದ್ದ ಹೆಸರು' ಅಂದ್ರೆ ನಡೆಯುತ್ತಾ?

ಮರು:
ಮೇಡಂ, ಅರ್ಥ ಆಮೇಲೆ. ಮೊದಲು ಆ ಡ, ಟ ತೆಗೀರಿ. ಇಟಲಿಯೋರ ದ, ತ ನಮ್ಮ ಥರಾನೇ ಹಲ್ಲಿಗೆ ನಾಲಿಗೆ ತಾಗಿಸಿ ಹೇಳೋದು, ಒತ್ತಕ್ಷರನೂ ನಮ್ಮ ಹಾಗೇ ಒತ್ತಿ ಹೇಳ್ತಾರೆ. 'ದಿಯೊತಲ್ಲೆವಿ'. ಚಿತ್ರದ ಹೆಸರಲ್ಲಿ ಒಂದೇ ಲ ಬರೆಯೋ ರೂಢಿ ಇದೆ ನಿಜ, ಮನೆತನದ ಹೆಸರಿಗೆ ಲ್ಲ ಬೇಕು. ಇಂಗ್ಲಿಷಿನೋರಿಗೆ ದ ಬರಲ್ಲ ಅಂತ ನಾವ್ಯಾಕೆ ತೊದಲಬೇಕು?

ಮರು: ಮರು:
'ಅನಾಥ' ಯಾಕೆ, 'ತಬ್ಬಲಿ' ಸತ್ತೋಯ್ತಾ? ಎಲ್ಲದಕ್ಕೂ ಸಂಸ್ಕೃತದ ಮನೆ ಬಾಗಿಲಿಗೇ ಹೋಗ್ಬೇಕಾ. ಅರ್ಥ ಮಾತ್ರ ಸರಿ ಇದೆ, ಇಟಲಿಲಿ ಇಂಥ ಹೆಸರು ರಾಶಿ. ನೇಪಲ್ಸಲ್ಲಿ ಎಸ್ಪೊಸಿತೊ ಅಂದ್ರೆ ಹೊರಗಿಟ್ಟದ್ದು, ರೋಮಲ್ಲಿ ಪ್ರೊಯೆತ್ತಿ ಅಂದ್ರೆ ಎಸೆದದ್ದು, ಮಿಲಾನಲ್ಲಿ ಕೊಲೊಂಬೊ ಅಂದ್ರೆ ಪಾರಿವಾಳ, ಯಾಕಂದ್ರೆ ಬಿಟ್ಟುಹೋದ ಕೂಸುಗಳನ್ನ ಸೇರಿಸ್ಕೊಳ್ತಿದ್ದ ಅಲ್ಲಿನ ದೊಡ್ಡಾಸ್ಪತ್ರೆ ಗುರುತು ಅದೇ. ಇಂಥ ಆಸ್ಪತ್ರೆಗಳ ಗೋಡೆಯಲ್ಲಿ ಮರದ ತಿರುಗಣಿ ಇರ್ತಿತ್ತು, ಕೂಸನ್ನ ಅದರಲ್ಲಿಟ್ಟು ಒಳಕ್ಕೆ ತಿರುಗಿಸಿ ಹೋಗೋರು, ಒಳಗಿದ್ದೋರಿಗೆ ಮುಖ ಕಾಣ್ತಿರ್ಲಿಲ್ಲ. ನೇಪಲ್ಸಲ್ಲಿ ಅದನ್ನ ಮುಚ್ಚಿದ್ದು 1875ರಲ್ಲಿ. ಇದೂ ಅದೇ ಜಾತಿ ಹೆಸರು.

ಮರು: ಮರು: ಮರು:
ಅಲ್ಲ. ತಬ್ಬಲಿ ಅಂದ್ರೆ ತಾಯಿ ಕಳ್ಕೊಂಡದ್ದು, ಬಿಟ್ಟುಹೋದ ಕೂಸಲ್ಲ. ಅದಿರ್ಲಿ, ಹೆಸರನ್ನ ಬಿಡಿಸಿ ನೋಡಿದೀರಾ? 'ದಿಯೊ' ದೇವರು, 'ತ' ನಿನ್ನನ್ನ, 'ಅಲ್ಲೆವಿ' ಸಾಕಲಿ. ಇಡೀ ಹೆಸರೇ ಒಂದು ವಾಕ್ಯ, ಹುಟ್ಟಿದ ಕೂಸನ್ನ ಹರಸಿ ಇಟ್ಟದ್ದು, ಅಪ್ಪ ಅಮ್ಮ ಇದ್ದ ಮಕ್ಕಳಿಗೂ ಇಡ್ತಿದ್ರು. ಪೀಸಾದಲ್ಲಿ 1152ರಲ್ಲಿ ಶುರುವಾದ ಬ್ಯಾಪ್ಟಿಸ್ಟ್ರಿಯ (ಕ್ರೈಸ್ತರು ದೀಕ್ಷಾಸ್ನಾನ ಮಾಡಿಸೋ ಕಟ್ಟಡ) ಕಂಬದಲ್ಲಿ ಅದನ್ನ ಕಟ್ಟಿಸಿದ ಮೇಸ್ತ್ರಿ ಹೆಸರು ಕೊರೆದಿದೆ, ದಿಯೊತಿಸಾಲ್ವಿ, 'ದೇವರು ನಿನ್ನ ಕಾಪಾಡಲಿ'. ಅವನೂ ತಿರುಗಣಿಲಿ ಬಂದೋನಾ? ಆಮೇಲಾಮೇಲೆ ಆಸ್ಪತ್ರೆಗಳೋರೂ ಇಂಥ ಹೆಸರು ಇಟ್ಟಿದಾರೆ, ಹಾಗಂತ ಮೂಲಾನೇ ಅದು ಅನ್ನೋದು ತಪ್ಪು. ಎಸ್ಪೊಸಿತೊ ಥರ ಬೀದಿಬೀದಿಲಿ ಸಿಗೋ ಹೆಸರೂ ಅಲ್ಲ ಇದು, ಮಾರ್ಕೆ, ರಿಮಿನಿ, ರೋಮ್ ಕಡೆ ಅಷ್ಟಿಷ್ಟು.

ಮರು: ಮರು: ಮರು: ಮರು:
ವಿವರ ಒಪ್ಪಿದೆ, 'ಸಾಕಲಿ' ಒಪ್ಪಲ್ಲ. ದನ ಸಾಕಿದ ಹಾಗಿದೆ (ಇಟಲಿಲೂ ದನ ಸಾಕೋದಕ್ಕೆ ಅದೇ ಕ್ರಿಯಾಪದ ಅಂತೀರಿ, ಗೊತ್ತು). ನಮ್ಮಜ್ಜಿ ಹೆಸರು ಸಾಕಮ್ಮ. ಸಾಕಿದೋಳು ಅಂತಲೋ, ಹೆಣ್ಣು ಇಷ್ಟು ಸಾಕು ಅಂತಲೋ, ಅಜ್ಜಿ ಸಾಯೋವರೆಗೂ ಮನೇಲಿ ಇತ್ಯರ್ಥ ಆಗ್ಲಿಲ್ಲ. 'ಸಲಹಲಿ' ಹಾಕಿ.

ಮರು: ಮರು: ಮರು: ಮರು: ಮರು:
'ದೇವರು ನಿನ್ನ ಸಲಹಲಿ' ಅಂತ ಮಾಡಿದೆ, ಅನಾಥ ತೆಗೆದೆ, ದ ತ ಕೂಡ ಸರಿಮಾಡಿದೆ. ಫೈಲ್ ಕಳಿಸಿಬಿಟ್ಟೆ. ಎಲ್ಲರಿಗೂ ಥ್ಯಾಂಕ್ಸ್.

ಮರು: ಮರು: ಮರು: ಮರು: ಮರು: ಮರು:
'ಮಡೋನಾ' ಹಾಗೇ ಬಿಟ್ರಾ? ಮದೊನ್ನಾ.