ಅಪ್‌ಡೇಟ್: ಚಳಿಗಾಲದ ಇಂಧನ ಸಹಾಯಧನ, ಗಂಡ-ಹೆಂಡತಿಯ ಲೆಕ್ಕ

ನಾನು ಕೇಳಿದ್ದು ಇಷ್ಟು: ಇಂಗ್ಲೆಂಡಿನಲ್ಲಿರುವ ಪಿಂಚಣಿದಾರ ದಂಪತಿಯಲ್ಲಿ ಒಬ್ಬರ ಆದಾಯ ವರ್ಷಕ್ಕೆ 35,000 ಪೌಂಡ್ ದಾಟಿದರೆ ವಿಂಟರ್ ಫ್ಯೂಯೆಲ್ ಪೇಮೆಂಟ್ ಇಬ್ಬರಿಗೂ ಕೈತಪ್ಪುತ್ತದೆಯೇ? ಉತ್ತರ ಕೊಟ್ಟ ಎಲ್ಲರಿಗೂ ಧನ್ಯವಾದ. ಈಗ ಸ್ಪಷ್ಟವಾಗಿದೆ.

ಇಬ್ಬರಿಗೂ ಕೈತಪ್ಪುವುದಿಲ್ಲ. 2025ರ ಚಳಿಗಾಲದಿಂದ ಮಿತಿ ತಲಾ ಒಬ್ಬೊಬ್ಬರಿಗೆ, ಮನೆಗಲ್ಲ. ಇಬ್ಬರೂ 80ರೊಳಗಿದ್ದರೆ ತಲಾ 100 ಪೌಂಡ್. ಒಬ್ಬರು 80 ದಾಟಿದ್ದರೆ ಅವರಿಗೆ 200, ಇನ್ನೊಬ್ಬರಿಗೆ 100. ಮಿತಿ ಮೀರಿದವರ ಪಾಲನ್ನಷ್ಟೇ ತೆರಿಗೆ ಇಲಾಖೆ ವಾಪಸ್ ಪಡೆಯುತ್ತದೆ, ಸಾಮಾನ್ಯವಾಗಿ ಟ್ಯಾಕ್ಸ್ ಕೋಡ್ (ಪಿಂಚಣಿಯಿಂದ ಎಷ್ಟು ತೆರಿಗೆ ಕಡಿಯಬೇಕೆಂಬ ಸಂಕೇತ) ಬದಲಿಸಿ. ಎಡವುವುದು ಇಲ್ಲೇ: ಒಂದೇ ಪೌಂಡ್ ಹೆಚ್ಚಾದರೂ ಆ ಪಾಲು ಪೂರ್ತಿ ಹೋಗುತ್ತದೆ. ಸರ್ಕಾರಿ ಪಿಂಚಣಿ, ಖಾಸಗಿ ಪಿಂಚಣಿ, ಬಾಡಿಗೆ, ಬ್ಯಾಂಕ್ ಬಡ್ಡಿ ಎಲ್ಲವನ್ನೂ ಕೂಡಿ ನೋಡಿ.

2024ರಲ್ಲಿ ಇದನ್ನು ಪೆನ್ಷನ್ ಕ್ರೆಡಿಟ್ (ಕಡಿಮೆ ಆದಾಯದ ಪಿಂಚಣಿದಾರರಿಗೆ ಸರ್ಕಾರ ಕೊಡುವ ಪೂರಕ ಹಣ) ಮುಂತಾದ ನೆರವು ಪಡೆಯುವವರಿಗಷ್ಟೇ ಉಳಿಸಿದ್ದು ತಪ್ಪು ಅಂತಲೇ ನನ್ನ ಅಭಿಪ್ರಾಯ. ಅರ್ಹರಾಗಿದ್ದೂ ಅರ್ಜಿ ಹಾಕದ ವೃದ್ಧರೇ ಚಳಿಯಲ್ಲಿ ಉಳಿದರು. ನಿಮ್ಮ ಹಿರಿಯರು ಅರ್ಹರಿರಬಹುದು ಅನಿಸಿದರೆ ಪೆನ್ಷನ್ ಕ್ರೆಡಿಟ್‌ಗೆ ಈಗಲೇ ಅರ್ಜಿ ಹಾಕಿಸಿ. ಅದು ಮೂರು ತಿಂಗಳು ಹಿಂದಿನಿಂದಲೂ ಸಿಗುತ್ತದೆ.

ಬಿಲ್ ಇಳಿಸುವ ಬಗ್ಗೆ ಒಬ್ಬರು ಹೇಳಿದ್ದು ಸರಿ. ಕಾಂಬಿ ಬಾಯ್ಲರಿನಲ್ಲಿ (ಮನೆ ಬಿಸಿಮಾಡುವುದಕ್ಕೂ ನಲ್ಲಿಯ ಬಿಸಿನೀರಿಗೂ ಒಂದೇ ಆಗಿರುವ, ಸಿಲಿಂಡರ್ ಇಲ್ಲದ ಬಾಯ್ಲರ್) ರೇಡಿಯೇಟರ್ ಗುರುತಿನ ತಿರುಗುಬಟನ್ ಬೇರೆ, ನಲ್ಲಿ ಗುರುತಿನದು ಬೇರೆ. ರೇಡಿಯೇಟರಿನದನ್ನು 60 ಡಿಗ್ರಿಗೆ ಇಳಿಸಿ. ರೇಡಿಯೇಟರುಗಳಿಂದ ಬಾಯ್ಲರಿಗೆ ಮರಳಿ ಬರುವ ನೀರು ಸುಮಾರು 55ಕ್ಕಿಂತ ತಣ್ಣಗಿದ್ದರೇ ಹೊಗೆಯ ಆವಿ ನೀರಾಗಿ ಅದರ ಶಾಖವೂ ದಕ್ಕುತ್ತದೆ. ಬಿಸಿನೀರಿನ ಸಿಲಿಂಡರ್ ಇರುವ ಮನೆಯಲ್ಲಿ ಎಚ್ಚರ: ಸಿಲಿಂಡರಿನ ನೀರು 60ಕ್ಕಿಂತ ಇಳಿಯಬಾರದು, ನ್ಯುಮೋನಿಯಾ ತರುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯಬಹುದು. ಕೋಣೆ ಮಾತ್ರ 18 ಡಿಗ್ರಿಗಿಂತ ಕೆಳಗೆ ಹೋಗದಿರಲಿ.